ಹೋಟೆಲ್‌ನವರು ಸಿಎಸ್‌ಆರ್ (ಕಂಪನಿಗಳು ಸಮಾಜಕ್ಕಾಗಿ ಮಾಡುವ ಕೆಲಸ) ಮಾಡಿದರೆ ಅಲ್ಲಿ ಕೆಲಸ ಮಾಡುವವರಿಗೂ ಪರಿಸರದ ಕಾಳಜಿ ಬರುತ್ತಾ?

ತಾನಾಗೇ ಬರುವುದಿಲ್ಲ. ಬೆಂಗಳೂರಿನ ಒಂದು ದೊಡ್ಡ ಹೋಟೆಲ್‌ನ ಹೌಸ್‌ಕೀಪಿಂಗ್‌ನಲ್ಲಿ ಒಂಬತ್ತು ವರ್ಷ ಇದ್ದೆ, ನಾನು ಕಂಡಿದ್ದನ್ನು ಹೇಳುತ್ತೇನೆ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಸ್ವಂತ ನೌಕರರ ಅನುಕೂಲಕ್ಕೆ ಮಾಡಿದ ಖರ್ಚು ಆ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ದುಡ್ಡು ಕೆರೆ, ಶಾಲೆ, ಗಿಡ ಅಂತ ಹೊರಗೆ ಹೋಗುತ್ತದೆ. ನಮ್ಮಲ್ಲೂ ಜೂನ್ 5ರ ಪರಿಸರ ದಿನಕ್ಕೆ ಟೀಶರ್ಟ್ ಕೊಟ್ಟು, ನೈಟ್ ಶಿಫ್ಟ್ ಮುಗಿಸಿದವರನ್ನೂ ನಿಲ್ಲಿಸಿಕೊಂಡು ಗಿಡ ನೆಡಿಸಿ ಫೋಟೋ ತೆಗೆಯುತ್ತಿದ್ದರು. ನಿದ್ದೆಗಣ್ಣಲ್ಲಿ ಪರಿಸರದ ಮೇಲೆ ಯಾರಿಗೆ ಪ್ರೀತಿ ಹುಟ್ಟುತ್ತೆ ಹೇಳಿ!

ಬಾತ್‌ರೂಮಲ್ಲಿ ಒಂದು ಕಾರ್ಡ್ ಇರುತ್ತಲ್ವಾ, ಟವಲ್ ನೇತು ಹಾಕಿದರೆ ಮತ್ತೆ ಬಳಸುತ್ತೀರಿ ಅಂತ, ನೆಲಕ್ಕೆ ಹಾಕಿದರೆ ಬದಲಿಸಬೇಕು ಅಂತ. (1986ರಲ್ಲಿ ಜೇ ವೆಸ್ಟರ್‌ವೆಲ್ಡ್ ಎಂಬ ಅಮೆರಿಕದವರು 'ಗ್ರೀನ್‌ವಾಷ್', ಅಂದರೆ ಪರಿಸರ ಕಾಳಜಿಯ ಬರೀ ತೋರಿಕೆ, ಅನ್ನೋ ಪದ ಹುಟ್ಟುಹಾಕಿದ್ದೇ ಇಂಥ ಕಾರ್ಡ್‌ಗಳ ವಿಷಯಕ್ಕೆ.) ಒಮ್ಮೆ ಒಬ್ಬ ಗೆಸ್ಟ್, ತಾವೇ ನೇತು ಹಾಕಿದ ಟವಲ್ ಬದಲಿಸಿಲ್ಲ ಅಂತ ಕಂಪ್ಲೇಂಟ್ ಕೊಟ್ಟರು. ರೂಮ್ ಬಾಯ್‌ಗೆ ಮೆಮೊ ಬಂತು. ಮರುದಿನದಿಂದ ಆ ಫ್ಲೋರಲ್ಲಿ ನೇತಾಡುತ್ತಿದ್ದದ್ದೂ ಬಿದ್ದದ್ದೂ ಎಲ್ಲ ಲಾಂಡ್ರಿಗೆ! ಹುಡುಗರದ್ದು ತಪ್ಪು ಅಂತ ನನಗೆ ಅನಿಸಲಿಲ್ಲ. ಕಾರ್ಡ್ ನಂಬಿದವನಿಗೆ ಮೆಮೊ ಕೊಟ್ಟರೆ ಇನ್ನೇನು ಮಾಡಬೇಕು?

ಆಮೇಲೆ ಬಂದ ಮ್ಯಾನೇಜರ್ ಬೆಳಗಿನ ಬ್ರೀಫಿಂಗ್‌ನಲ್ಲಿ ಒಂದೇ ಮಾತು ಹೇಳಿದರು, "ಕಾರ್ಡಲ್ಲಿ ಇದ್ದ ಹಾಗೆ ಮಾಡಿ, ಬೈಯಿಸಿಕೊಳ್ಳೋದು ನನಗೆ ಬಿಡಿ." ಖಾಲಿ ರೂಮಿನ ಎಸಿ ಓಡುತ್ತಿದ್ದರೆ ತಾವೇ ಒಳಗೆ ಹೋಗಿ ಆರಿಸುತ್ತಿದ್ದರು. ಕೆಲವೇ ವಾರದಲ್ಲಿ ಲಾಂಡ್ರಿ ಗಂಟುಗಳು ಸಣ್ಣದಾದವು.

2024ರ ಬೇಸಿಗೆ ನೆನಪಿದೆಯಾ? ಬೋರ್‌ವೆಲ್ ಬತ್ತಿ, ಹೋಟೆಲ್‌ಗಳೆಲ್ಲ ನಲ್ಲಿಗೆ ಏರೇಟರ್ (ನೀರು ಕಡಿಮೆ ಬರುವಂತೆ ಮಾಡುವ ಜಾಲರಿ) ಹಾಕಿಸಲೇಬೇಕು ಅಂತ ಜಲಮಂಡಳಿ ಆದೇಶ ಮಾಡಿತ್ತು. ನಮಗೂ ನೀರು ಉಳಿಸುವ ಟ್ರೈನಿಂಗ್ ಇಟ್ಟರು. ಹಿಂದೆ ಕೂತಿದ್ದ ಒಬ್ಬ ಅಕ್ಕ ಎದ್ದು ನಿಂತು, "ಸಾರ್, ನಮ್ಮ ಬೀದಿಗೆ ಟ್ಯಾಂಕರ್ ಬರೋದೇ ನಾಲ್ಕು ದಿನಕ್ಕೊಂದ್ಸಲ. ನೀರಿನ ಬೆಲೆ ನಮಗೆ ಗೊತ್ತು. ಮೂರನೇ ಫ್ಲೋರಲ್ಲಿ ಒಂದು ಫ್ಲಶ್ ಸೋರ್ತಿದೆ ಅಂತ ಮೂರು ಸಲ ಬರೆಸಿದೀನಿ, ಯಾರೂ ಬಂದಿಲ್ಲ" ಅಂದರು. ಮ್ಯಾನೇಜರ್ ಅಲ್ಲೇ ಪ್ಲಂಬರ್‌ಗೆ ಫೋನ್ ಮಾಡಿದರು. ಆವತ್ತಿಂದ ಆಯಮ್ಮ ಎಲ್ಲೆಲ್ಲಿ ನಲ್ಲಿ ಸೋರ್ತಿದೆ ಅಂತ ದಿನಾ ಸಂಜೆ ಚೀಟಿಯಲ್ಲಿ ಬರೆದು ತಂದು ನನ್ನ ಟೇಬಲ್ ಮೇಲೆ ಇಡೋಕೆ ಶುರು ಮಾಡಿದರು.