ಎಂ5 ತಗೊಳ್ಳಲಾ ಅಂತ ಕೇಳಿದ ತಿಪಟೂರಿನ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಮಾರ್ಚ್‌ನಲ್ಲಿ ಮ್ಯೂನಿಕ್‌ಗೆ ಬಂದೆ, ಕೆಲಸ ಚೆನ್ನಾಗಿದೆ ಅಂದಿದ್ದೀಯ. ಯಾರೋ 2008ರ ಬಿಎಂಡಬ್ಲ್ಯು ಎಂ5 ಮಾರುತ್ತಿದ್ದಾರೆ, 1,40,000 ಕಿಲೋಮೀಟರ್ ಓಡಿದೆ, 24,000 ಯೂರೋ ಹೇಳುತ್ತಿದ್ದಾರೆ, ತಗೊಳ್ಳಲಾ ಬೇಡವಾ ಅಂತ ಕೇಳಿದ್ದೀಯ. ಜೊತೆಗೆ ಮನೆ, ಚಳಿ, ಕನ್ನಡದವರು ಸಿಗುತ್ತಾರಾ ಅಂತಲೂ ಇದೆ. ಗಾಡಿ ವಿಷಯ ದೊಡ್ಡದು, ಉಳಿದದ್ದು ಮೊದಲು ಮುಗಿಸುತ್ತೇನೆ. ಜರ್ಮನಿಯಲ್ಲೇ ಬಾಡಿಗೆ ಜಾಸ್ತಿ ಇರುವ ಊರು ಅದು, ಸಿಕ್ಕಿದ ಮನೆ ಬಿಡಬೇಡ. ಚಳಿ ಅಭ್ಯಾಸ ಆಗುತ್ತದೆ. ಕನ್ನಡದವರು ರಾಜ್ಯೋತ್ಸವದ ಹೊತ್ತಿಗೆ ತಾವಾಗಿಯೇ ಸಿಗುತ್ತಾರೆ.

ನಾನು ಈಗ ರಜೆಗೆ ಬಂದು ತುಮಕೂರಿನಲ್ಲಿದ್ದೇನೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬಂದು ಇದನ್ನು ಬರೆಯುತ್ತಿದ್ದೇನೆ. ಹೊಟ್ಟೆ ಉರ್ಕೋಬೇಡ.

ನಿನ್ನ ಆಸೆ ನನಗೆ ಅರ್ಥ ಆಗುತ್ತದೆ. 2009ರಲ್ಲಿ ಸ್ಟಟ್‌ಗಾರ್ಟ್‌ಗೆ ಬಂದಿಳಿದ ಮೊದಲ ಭಾನುವಾರ ಸುಮ್ನೆ ಬೀದಿ ಸುತ್ತೋಕೆ ಹೋಗಿದ್ದೆ. ತುಮಕೂರಿನ ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ನಲ್ಲಿ ಪತ್ರಿಕೆಯಿಂದ ಹರಿದು ಗೋಡೆಗೆ ಅಂಟಿಸಿಕೊಂಡಿದ್ದ ಗಾಡಿಗಳೆಲ್ಲ ಅಲ್ಲಿ ಮರದ ಕೆಳಗೆ ನಿಂತಿದ್ದವು. ಮೇಲೆ ಹಕ್ಕಿ ಹಿಕ್ಕೆ. ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ. ನಾನು ಮಾತ್ರ ಒಂದೊಂದರ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ.

ಮೊದಲು ಲೈಸೆನ್ಸ್. ನಮ್ಮ ಇಂಡಿಯಾ ಲೈಸೆನ್ಸ್ ಅಲ್ಲಿ ನೆಲೆ ನಿಂತ ದಿನದಿಂದ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಪಾಸಾಗಬೇಕು. ಥಿಯರಿ ಇಂಗ್ಲಿಷ್‌ನಲ್ಲಿ ಬರೆಯಬಹುದು. ಬೋರ್ಡು, ಸಿಗ್ನಲ್ ಏನೂ ಇಲ್ಲದ ಕ್ರಾಸಿನಲ್ಲಿ ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕು ಅನ್ನುವ ನಿಯಮ ಇದೆ. ಬಿ.ಎಚ್. ರಸ್ತೆಯಲ್ಲಿ ಗಾಡಿ ಕಲಿತ ನಮಗೆ ಅದು ತಲೆಗೆ ಹತ್ತೋಕೆ ಟೈಮ್ ಬೇಕು. ನಿನಗೆ ಸೆಪ್ಟೆಂಬರ್‌ವರೆಗೆ ಸಮಯ. ಅಲ್ಲಿಯವರೆಗೆ ನಿನ್ನ ಪ್ರೊಬೇಷನ್ನೂ ಇರುತ್ತದೆ ಅಲ್ವಾ? ಆ ಆರು ತಿಂಗಳಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಮನೆಗೆ ಕಳಿಸಬಹುದು, ನೆನಪಿರಲಿ.

ಇನ್ನು ಇನ್ಶೂರೆನ್ಸ್. ಅಪಘಾತ ಇಲ್ಲದೆ ಎಷ್ಟು ವರ್ಷ ಓಡಿಸಿದ್ದೀಯ ಅನ್ನುವುದರ ಮೇಲೆ ಅಲ್ಲಿ ಪ್ರೀಮಿಯಂ ಇಳಿಯುತ್ತಾ ಹೋಗುತ್ತದೆ. ಹೊಸಬರು ಕೆಳಗಿನ ಮೆಟ್ಟಿಲಿಂದ ಶುರು ಮಾಡಬೇಕು. ಊರಲ್ಲಿ ಓಡಿಸಿದ ವರ್ಷಗಳನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ಮೇಲೆ ಗಾಡಿಯ ಮಾಡೆಲ್‌ಗೆ ಒಂದು ದರ್ಜೆ, ನೀನಿರುವ ಊರಿಗೆ ಒಂದು ದರ್ಜೆ. ಹೊಸಬ, 507 ಹಾರ್ಸ್‌ಪವರ್, ಮ್ಯೂನಿಕ್: ಮೂರೂ ಸೇರಿದರೆ ಏನಾಗುತ್ತದೆ ಅಂತ ಗಾಡಿ ನೋಡೋಕೆ ಹೋಗುವ ಮುಂಚೆ ಕೊಟೇಶನ್ ತರಿಸಿ ನೋಡು. ಅರ್ಧ ಆಸೆ ಅಲ್ಲೇ ಇಳಿಯುತ್ತದೆ.

ತೆರಿಗೆ ಅಷ್ಟು ಹೆದರಿಸುವುದಿಲ್ಲ, ಆ ವರ್ಷದ ಐದು ಲೀಟರ್ ಪೆಟ್ರೋಲ್ ಎಂಜಿನ್‌ಗೆ ವರ್ಷಕ್ಕೆ 337 ಯೂರೋ. ಪೆಟ್ರೋಲ್ ಹೆದರಿಸುತ್ತದೆ. ಕಂಪನಿಯೇ ಹೇಳಿದ ಲೆಕ್ಕ 100 ಕಿಲೋಮೀಟರಿಗೆ 14.8 ಲೀಟರ್. ಮ್ಯೂನಿಕ್‌ನಿಂದ ಸ್ಟಟ್‌ಗಾರ್ಟ್‌ಗೆ ನನ್ನನ್ನು ನೋಡೋಕೆ ಬಂದರೆ ಸುಮಾರು 34 ಲೀಟರ್, ಅದೂ ಶಿಸ್ತಾಗಿ ಓಡಿಸಿದರೆ. ಸಿಟಿ ಒಳಗೆ ಇನ್ನೂ ಜಾಸ್ತಿ ಕುಡಿಯುತ್ತದೆ. ಹಿಂದಿನ ಟೈರು 285 ಅಗಲ, 19 ಇಂಚು. ಹಿಮ ಬಿದ್ದರೆ ಚಳಿಗಾಲದ ಟೈರು ಹಾಕಿಯೇ ಓಡಿಸಬೇಕು ಅನ್ನುವುದು ಕಾನೂನು, ಅಂದರೆ ಎಲ್ಲವೂ ಎರಡೆರಡು ಸೆಟ್. ಹೊಸದಾಗಿ ಬಂದಾಗ ಆ ಗಾಡಿ ಶ್ರೀಮಂತರದು. ಈಗ ಇಳಿದಿರುವುದು ಅದನ್ನು ಕೊಳ್ಳುವ ರೇಟು. ಸಾಕುವ ಖರ್ಚು ಹೊಸ ಗಾಡಿಯದೇ.

ಎಂಜಿನ್ ವಿಷಯ ನಿನಗೆ ಆಗಲೇ ಯಾರಾದರೂ ಹೇಳಿರಬಹುದು. ಹತ್ತು ಸಿಲಿಂಡರು, 8,250 ಆರ್‌ಪಿಎಂವರೆಗೆ ಏರುತ್ತದೆ, ಅದರ ಸದ್ದು ಕೇಳಿದವನಿಗೆ ಬುದ್ಧಿ ನಿಲ್ಲುವುದಿಲ್ಲ. ಆದರೆ ಅದರ ಕನೆಕ್ಟಿಂಗ್ ರಾಡ್ ಬೇರಿಂಗ್, ಅಂದರೆ ಪಿಸ್ಟನ್ನಿನ ರಾಡು ಕ್ರ್ಯಾಂಕ್‌ಶಾಫ್ಟಿಗೆ ಸೇರುವ ಕಡೆ ಇರುವ ಬೇರಿಂಗ್, ಸವೆಯುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಒಂದು ಬೇರಿಂಗ್ ಕೈಕೊಟ್ಟರೆ ಎಂಜಿನ್ನೇ ಹೋದ ಹಾಗೆ. ತಿಳಿದವರು ಕೆಡುವ ಮುಂಚೆಯೇ ಬದಲಾಯಿಸುತ್ತಾರೆ. ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಆಕ್ಚುಯೇಟರ್, ಕ್ಲಚ್ ಪೆಡಲ್ ಇಲ್ಲದ ಅದರ ಎಸ್‌ಎಂಜಿ ಗೇರ್‌ಬಾಕ್ಸಿನ ಹೈಡ್ರಾಲಿಕ್ ಪಂಪು, ಕ್ಲಚ್ಚು, ಇವೂ ಖರ್ಚಿನ ಬಾಬ್ತುಗಳೇ. ಬೇರಿಂಗ್ ಬದಲಾಯಿಸಿದ ಬಿಲ್ ಇದೆಯಾ ಅಂತ ಕೇಳು. ಮೊದಲ 2,000 ಕಿಲೋಮೀಟರಿನ ಸರ್ವಿಸ್ ಆಗಿದೆಯಾ, 10ಡಬ್ಲ್ಯು-60 ಆಯಿಲೇ ಹಾಕುತ್ತಾ ಬಂದಿದ್ದಾರಾ ನೋಡು. ಬಿಲ್ ಇಲ್ಲ, ಬಾಯಿ ಮಾತು ಮಾತ್ರ ಇದೆ ಅಂದರೆ ವಾಪಸ್ ಬಾ.

ನೋಡೋಕೆ ಹೋದಾಗ ಮೊದಲು ಬಾನೆಟ್ ಮೇಲೆ ಕೈಯಿಡು. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನು. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮಾತ್ರ ಕೆಲವು ಸದ್ದು ಕೇಳುತ್ತವೆ. ಆ ಗಾಡಿಯ ಆರ್‌ಪಿಎಂ ಮೀಟರಿನಲ್ಲಿ ಎಂಜಿನ್ ತಣ್ಣಗಿದ್ದಷ್ಟು ಹೊತ್ತು ಎಚ್ಚರಿಕೆಯ ದೀಪಗಳು ಉರಿಯುತ್ತವೆ, ಬಿಸಿಯಾದ ಹಾಗೆ ಒಂದೊಂದಾಗಿ ಆರುತ್ತವೆ. ಅವು ಉರಿಯುತ್ತಿರುವಾಗಲೇ ಮಾರುವವನು ನಿನ್ನನ್ನು ಖುಷಿಪಡಿಸೋಕೆ ಜೋರಾಗಿ ಆಕ್ಸಿಲರೇಟರ್ ಒತ್ತಿದ ಅಂತಿಟ್ಟುಕೋ, ಇಷ್ಟು ವರ್ಷ ಹೇಗೆ ಓಡಿಸಿದ್ದಾನೆ ಅಂತ ನೀನು ಬೇರೆ ಕೇಳಬೇಕಾಗಿಲ್ಲ. "ಹೊಸ ಟ್ಯೂಫ್ ಇದೆ" ಅನ್ನುತ್ತಾರೆ. ಅದು ಎರಡು ವರ್ಷಕ್ಕೊಮ್ಮೆ ಆಗುವ ಸುರಕ್ಷತೆ ಮತ್ತು ಹೊಗೆಯ ತಪಾಸಣೆ. ಬ್ರೇಕು, ಲೈಟು, ಚಾಸಿ ನೋಡುತ್ತಾರೆ. ಬೇರಿಂಗ್ ಬಿಚ್ಚಿ ನೋಡುವುದಿಲ್ಲ.

ಮಾರುವವರು ಡೀಲರೋ ಖಾಸಗಿಯವರೋ ಅಂತ ನೀನು ಬರೆದಿಲ್ಲ. ಡೀಲರ್ ಆದರೆ ಹಳೇ ಗಾಡಿಗೂ ಕಡಿಮೆ ಅಂದರೆ ಒಂದು ವರ್ಷ ದೋಷದ ಹೊಣೆ ಹೊರಬೇಕು. 2022ರಿಂದ ಆ ಮೊದಲ ವರ್ಷದಲ್ಲಿ ಕಾಣಿಸಿಕೊಂಡ ದೋಷ ಮಾರುವಾಗ ಇರಲಿಲ್ಲ ಅಂತ ತೋರಿಸಬೇಕಾದವರೂ ಅವರೇ. ಖಾಸಗಿ ವ್ಯಕ್ತಿ ಆದರೆ ಒಂದು ಸಾಲು ಬರೆದು ಆ ಹೊಣೆಯನ್ನೆಲ್ಲ ಕೈತೊಳೆದುಕೊಳ್ಳಬಹುದು. ಕೆಲವು ಡೀಲರ್‌ಗಳು ಗ್ರಾಹಕರ ಪರವಾಗಿ ಮಾರುತ್ತಿದ್ದೇವೆ ಅಂತ ಸಣ್ಣ ಅಕ್ಷರದಲ್ಲಿ ಹಾಕಿ ನುಣುಚಿಕೊಳ್ಳುತ್ತಾರೆ. ಜರ್ಮನ್ ಓದುವವರನ್ನು ಕರೆದುಕೊಂಡು ಹೋಗು. ಒಳ್ಳೆಯ ಮನುಷ್ಯರು ಅಂದೆಯಲ್ಲ, ಇರಬಹುದು. ಆಮೇಲೆ ಮಾತಾಡುವುದು ಕಾಗದ ಮಾತ್ರ.

ಆಟೋಬಾನ್ ಹೆದ್ದಾರಿಯಲ್ಲಿ ಸ್ಪೀಡ್ ಲಿಮಿಟ್ ಇಲ್ಲ ಅಲ್ವಾ ಅಂತ ಕೇಳಿದ್ದೀಯ. ಕೆಲವು ಕಡೆ ಇಲ್ಲ, ನಿಜ. ಆದರೆ 130 ಶಿಫಾರಸು ಮಾಡಿದ ವೇಗ. ಅದನ್ನು ಮೀರಿ ಹೋಗುತ್ತಿರುವಾಗ ಅಪಘಾತ ಆದರೆ, ತಪ್ಪು ಇನ್ನೊಬ್ಬನದೇ ಆದರೂ ನಷ್ಟದಲ್ಲಿ ಒಂದು ಪಾಲು ನಿನ್ನ ತಲೆಗೆ ಬರಬಹುದು. ಅಲ್ಲಿನ ಉನ್ನತ ನ್ಯಾಯಾಲಯ 1992ರಲ್ಲೇ ಹಾಗೆ ಹೇಳಿದೆ.

ಇಷ್ಟೂ ಯಾರು ಬೇಕಾದರೂ ಹೇಳುತ್ತಾರೆ. ನಾನು ಬರೆಯೋಕೆ ಕೂತದ್ದು ಬೇರೆ ಕಾರಣಕ್ಕೆ.

2018ರಲ್ಲಿ ನಾನೂ ಇಂಥದ್ದೇ ಒಂದು ತಗೊಂಡೆ. ಬೇರೆ ಕಂಪನಿಯದು, ಎಂಟು ಸಿಲಿಂಡರು, ಹತ್ತು ವರ್ಷ ಹಳೇದು. 19,000 ಯೂರೋ, ಅಂದರೆ ಆಗಿನ ಲೆಕ್ಕದಲ್ಲಿ ಹದಿನೈದು ಲಕ್ಷ ಚಿಲ್ಲರೆ. ನೋಡಿ ತಗೊಂಡಿದ್ದೆ, ಗಾಡಿ ಚೆನ್ನಾಗಿತ್ತು, ಓಡಿಸಿ ಖುಷಿಪಟ್ಟೆ, ಒಳ್ಳೇ ರೇಟಿಗೇ ಮಾರಿದೆ. ಅದರ ಬಗ್ಗೆ ಒಂದು ಮಾತೂ ಇಲ್ಲ.

ಅಲ್ಲಿ ಆ ಗಾಡಿಯನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ದುಬಾರಿ ಗಾಡಿ ಇಟ್ಟುಕೊಂಡ ಎಷ್ಟೋ ಜರ್ಮನ್ನರು ಗಾಡಿಯ ಹಿಂಬದಿಯಲ್ಲಿರುವ ಮಾಡೆಲ್ ಹೆಸರನ್ನೇ ತೆಗೆಸಿಬಿಡುತ್ತಾರೆ. ನೋಡಿದ್ದು ಇಲ್ಲಿಯವರು. ಪೂಜೆ ಮಾಡಿದ ದಿನ ಒಂದು ಫೋಟೋ ಅಮ್ಮನಿಗೆ ಕಳಿಸಿದೆ, ಅಮ್ಮ ಖುಷಿಗೆ ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದರು. ಚಿಕ್ಕಪ್ಪನ ಮಗ ಬೆಂಗಳೂರಿನ ಶೋರೂಮ್ ರೇಟ್ ಹುಡುಕಿದ. ಹೊಸದರ ರೇಟು. ಸಂಜೆಯೊಳಗೆ ನಾನು ಕೋಟಿ ರೂಪಾಯಿ ಗಾಡಿಯವನಾಗಿದ್ದೆ.

ಆ ವರ್ಷ ಗುಬ್ಬಿ ಹತ್ತಿರದ ನಮ್ಮ ತೆಂಗಿನ ತೋಟವನ್ನು ಅಪ್ಪ, ಚಿಕ್ಕಪ್ಪ ಭಾಗ ಮಾಡಿಕೊಳ್ಳುವ ಮಾತು ನಡೆಯುತ್ತಿತ್ತು. ರಸ್ತೆ ಕಡೆಯ ಅರ್ಧದಲ್ಲಿ ಬೋರ್ ಇದೆ, ನೀರಿದೆ. ಹಿಂದಿನ ಅರ್ಧ ಬರೀ ಕಲ್ಲು. ಚೀಟಿ ಎತ್ತಿ ಹಂಚಿಕೊಳ್ಳುವುದು ಅಂತ ಮಾತಾಗಿತ್ತು. ಕೂತ ಹಿರಿಯರು ಚೀಟಿ ಯಾಕೆ ಅಂದರಂತೆ. "ನಿನ್ನ ಮಗ ಕೋಟಿ ಗಾಡಿ ಓಡಿಸ್ತಾನೆ, ಅವನು ಬಂದು ಇಲ್ಲಿ ತೆಂಗಿನಕಾಯಿ ಕೀಳ್ತಾನಾ? ನೀರಿರೋ ಕಡೆ ತಮ್ಮನಿಗೆ ಬಿಡಪ್ಪ." ಅಪ್ಪ ಸೈನ್ ಹಾಕಿ ಬಂದರು. ನನಗೆ ಹೇಳಲಿಲ್ಲ. ಮುಂದಿನ ರಜೆಯಲ್ಲಿ ತೋಟಕ್ಕೆ ಹೋದಾಗ ಬೇಲಿ ನೋಡಿ ಗೊತ್ತಾಯಿತು. ಹದಿನೈದು ಲಕ್ಷದ ಹಳೇ ಗಾಡಿ, ಅರ್ಧ ಸಾಲದಲ್ಲಿ ತಗೊಂಡಿದ್ದು ಅಂತ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಅಪ್ಪ ಅಂದರು, "ಅಷ್ಟು ಜನದ ಮುಂದೆ ನನ್ನ ಮಗ ಅಷ್ಟೇನೂ ಚೆನ್ನಾಗಿಲ್ಲ ಅಂತ ನನ್ನ ಬಾಯಲ್ಲೇ ಹೇಳ್ಲಾ?"

ಅದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. ಅಪ್ಪ ಈಗಲೂ ಆ ಕಲ್ಲಿನ ಕಡೆಗೆ ಟ್ಯಾಂಕರ್ ನೀರು ಹಾಕಿಸುತ್ತಾರೆ. ಅದರ ದುಡ್ಡು ನಾನು ಕಳಿಸುತ್ತೇನೆ. ಆ ಗಾಡಿಯ ಲೆಕ್ಕದಲ್ಲಿ ಇದನ್ನು ಬರೆಯಬೇಕಾ ಬೇಡವಾ ಅಂತ ಒಮ್ಮೊಮ್ಮೆ ಯೋಚಿಸುತ್ತೇನೆ.

ನಿಮ್ಮ ಮನೆ ಕಥೆ ನನಗೆ ಗೊತ್ತಿಲ್ಲ. ತಂಗಿ ಮದುವೆ ಇದೆಯೋ, ಜಮೀನಿನ ಮಾತಿದೆಯೋ, ಯಾರಾದರೂ ಸಾಲಕ್ಕೆ ಕಾಯುತ್ತಿದ್ದಾರೋ ನೀನೇ ನೋಡಿಕೋ. ಮುಂದೆ ಊರಿಗೆ ತರುತ್ತೇನೆ ಅಂದೆಯಲ್ಲ, ಅದು ಆಗುವ ಮಾತಲ್ಲ. ಎಡಗಡೆ ಸ್ಟಿಯರಿಂಗ್ ಇರುವ, ಅಷ್ಟು ಹಳೇ ಗಾಡಿಯನ್ನು ಇಂಡಿಯಾದೊಳಗೆ ಬಿಡುವುದಿಲ್ಲ.

ನನ್ನ ಕೇಳಿದರೆ ಈ ವರ್ಷ ಬೇಡ. ಲೈಸೆನ್ಸ್ ಆಗಲಿ, ಪ್ರೊಬೇಷನ್ ಮುಗಿಯಲಿ. ಹಳೇ ಗಾಲ್ಫೋ ಒಕ್ಟಾವಿಯಾನೋ, ಅಂಥದ್ದೊಂದು ಸಾಧಾರಣ ಗಾಡಿ ತಗೊಂಡು ಎರಡು ಚಳಿಗಾಲ ಓಡಿಸು, ಇನ್ಶೂರೆನ್ಸ್ ವರ್ಷಗಳೂ ಕೂಡಿಕೊಳ್ಳುತ್ತವೆ. ಆಮೇಲೂ ಎಂ5 ಬೇಕು ಅನ್ನಿಸಿದರೆ ತಗೋ, ಆದರೆ 24 ಸಾವಿರ ಕೊಟ್ಟ ಮೇಲೂ ಎಂಟು ಸಾವಿರ ಪಕ್ಕಕ್ಕಿರಬೇಕು. ಸಾಲ ಮಾಡಿ ಅಂತೂ ಬೇಡ.

ಅಷ್ಟು ಹೇಳಿದರೂ ನೀನು ನೋಡೋಕೆ ಹೋಗೇ ಹೋಗುತ್ತೀಯ, ನನಗೆ ಗೊತ್ತು. ಮುಂಗಡ ಕೊಡಬೇಡ. ನಾನು ಇನ್ನು ಹತ್ತು ದಿನಕ್ಕೆ ವಾಪಸ್ ಹೊರಡುತ್ತೇನೆ, ಒಂದು ಶನಿವಾರ ರೈಲಿನಲ್ಲಿ ಮ್ಯೂನಿಕ್‌ಗೆ ಬರುತ್ತೇನೆ, ಜೊತೆಗೇ ಹೋಗಿ ನೋಡೋಣ. ತಿಪಟೂರಿನಿಂದ ನಿಮ್ಮಮ್ಮ ಏನಾದರೂ ಕಳಿಸುವುದಿದ್ದರೆ ಹೇಳು, ಬ್ಯಾಗಿನಲ್ಲಿ ಎರಡು ಮೂರು ಕೆಜಿ ಜಾಗ ಇದೆ. ಹುರಿಹಿಟ್ಟು, ಸಾರಿನ ಪುಡಿ ಏನಾದರೂ ಸರಿ. ಕೊಬ್ಬರಿ ಮಾತ್ರ ಬೇಡ, ಬೆಂಕಿ ಹತ್ತುವ ವಸ್ತು ಅಂತ ವಿಮಾನಕ್ಕೆ ಬಿಡುವುದಿಲ್ಲ.