ಎಸ್‌ಪಿಎಲ್ (ಶಾಲಾ ನಾಯಕ) ಬ್ಯಾಡ್ಜ್ ಸಿಗದಿದ್ದರೆ ಎಂತ? ಓದುಗರ ಪ್ರಶ್ನೆ, ನಮ್ಮ ಉತ್ತರ

ಜೂನ್‌ನಲ್ಲಿ ಶಾಲೆ ಶುರುವಾಗಿ ಮಂತ್ರಿಮಂಡಲ, ಕ್ಲಬ್ಬು, ಸಂಘ ಎಲ್ಲ ರಚನೆ ಆಗುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳೂ ಅದೇ ದಾರಿ ಹಿಡಿಯುತ್ತವೆ. ಮಗುವಿಗೆ ನಾಯಕತ್ವ ಬರಬೇಕು, ಯಾವುದಕ್ಕೆ ಸೇರಿಸಲಿ, ಎಷ್ಟು ಹೊತ್ತು ಕೊಡಲಿ ಅಂತ. ಈ ಸಲ ಬಂದವುಗಳಲ್ಲಿ ಕೆಲವನ್ನು ಆರಿಸಿದ್ದೇನೆ. ಊರಿನ ಹೆಸರು ಮಾತ್ರ ಹಾಕಿದ್ದೇನೆ.

ಮಗಳು ಎಂಟನೇ ಕ್ಲಾಸು. ಓದಿನಲ್ಲಿ ಹುಷಾರು, ಆದರೆ ನಾಲ್ಕು ಜನರ ಎದುರು ಬಾಯಿ ಬಿಡುವುದಿಲ್ಲ. ಶಾಲೆಯಲ್ಲಿ ಇಂಟರಾಕ್ಟ್ ಕ್ಲಬ್ ಉಂಟು. ಸೇರಿಸಿದರೆ ಸರಿ ಹೋಗುತ್ತಾಳಾ? – ಒಬ್ಬರು ತಾಯಿ, ಸುರತ್ಕಲ್

ಸುಮ್ನೆ ಸೇರಿಸಿದರೆ ಅಲ್ಲೂ ಮೂಲೆಯಲ್ಲೇ ಕೂರುತ್ತಾಳೆ. ಕ್ಲಬ್ಬಿಗೆ ಸೇರುವುದು ಬೇರೆ, ಕ್ಲಬ್ಬಿನಲ್ಲಿ ಕೆಲಸ ಸಿಗುವುದು ಬೇರೆ.

ಇಂಟರಾಕ್ಟ್ ಅಂದರೆ ರೋಟರಿಯವರು ಹನ್ನೆರಡರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅಂತ 1962ರಲ್ಲಿ ಶುರು ಮಾಡಿದ್ದು. ವರ್ಷಕ್ಕೆ ಕನಿಷ್ಠ ಎರಡು ಸೇವಾ ಕೆಲಸ ಮಾಡಬೇಕು ಅಂತ ಅವರದ್ದೇ ನಿಯಮ ಉಂಟು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲ ಮಕ್ಕಳೇ. ನಾನಾದರೆ ನಿಮ್ಮ ಮಗಳನ್ನು ಭಾಷಣಕ್ಕೆ ದೂಡುವುದಿಲ್ಲ, ಖಜಾಂಚಿ ಮಾಡಿ ಅಂತ ಟೀಚರಿಗೆ ಹೇಳುತ್ತೇನೆ.

ಯಾಕೆ ಹೇಳಿ? ಸ್ಕೂಲ್ ಡೇ ದಿನ ಕ್ಲಬ್ಬಿನವರು ಒಂದು ಚುರುಮುರಿ ಸ್ಟಾಲ್ ಹಾಕಿದರು ಅಂತ ಇಟ್ಟುಕೊಳ್ಳಿ. ಮಂಡಕ್ಕಿ ಒಬ್ಬ ತಂದ, ಈರುಳ್ಳಿ ಟೊಮೆಟೊ ಇನ್ನೊಬ್ಬಳ ಮನೆಯಿಂದ ಬಂತು, ಪೇಪರ್ ತಟ್ಟೆಗೆ ಹತ್ತನೇ ಕ್ಲಾಸಿನ ಹುಡುಗ ಇನ್ನೂರು ರೂಪಾಯಿ ತೆಗೆದುಕೊಂಡು ಹೋದ. ಸಂಜೆ ಡಬ್ಬದಲ್ಲಿರುವ ದುಡ್ಡಿಗೂ ಪುಸ್ತಕದಲ್ಲಿರುವ ಲೆಕ್ಕಕ್ಕೂ ತಾಳೆ ಆಗುವುದಿಲ್ಲ. ಆಗ ಖಜಾಂಚಿ ಆದವಳು ತನಗಿಂತ ಎರಡು ವರ್ಷ ದೊಡ್ಡ ಹುಡುಗನ ಹತ್ತಿರ ಹೋಗಿ ‘ಅಣ್ಣ, ತಟ್ಟೆಯ ಬಿಲ್ ಎಲ್ಲಿ?’ ಅಂತ ಕೇಳಲೇಬೇಕು. ಬೇರೆ ದಾರಿ ಇಲ್ಲ. ಅವನು ‘ಕಳೆದುಹೋಯ್ತು ಮಾರಾಯ್ತಿ’ ಅಂದರೆ, ಅಂಗಡಿಗೆ ಹೋಗಿ ಇನ್ನೊಂದು ಬರೆಸಿಕೊಂಡು ಬನ್ನಿ ಅಂತ ಹೇಳಬೇಕು. ಹೇಳಲು ವಿಷಯ ಇದ್ದಾಗ ಮಾತು ತಾನಾಗಿ ಬರುತ್ತದೆ. ವಿಷಯವೇ ಇಲ್ಲದೆ ವೇದಿಕೆ ಹತ್ತಿಸಿ ‘ಮಾತಾಡು ಮಾತಾಡು’ ಅಂದರೆ ದೊಡ್ಡವರಿಗೂ ಗಂಟಲು ಒಣಗುತ್ತದೆ, ಅಲ್ವಾ?

ಇನ್ನೊಂದು ದಾರಿ ನಮ್ಮ ಊರಿನದ್ದೇ. ನಿಮ್ಮ ಕಡೆ ಯಕ್ಷಗಾನ ತರಗತಿ ಇದ್ದರೆ ಕಳಿಸಿ ನೋಡಿ. ಉಡುಪಿ ಕಡೆ ಎಷ್ಟೋ ಪ್ರೌಢಶಾಲೆಗಳಲ್ಲೇ ಕಲಿಸುತ್ತಾರೆ, ಕೊನೆಗೆ ಮಕ್ಕಳ ಪ್ರದರ್ಶನವೂ ಇರುತ್ತದೆ. ಮನೆಗೆ ಬಂದವರ ಎದುರು ಮಾತಾಡದ ಮಗು ಬಣ್ಣ ಹಚ್ಚಿ ಕಿರೀಟ ಕಟ್ಟಿದ ಮೇಲೆ ಎದುರು ವೇಷದವನಿಗೆ ಸವಾಲು ಹಾಕುವುದನ್ನು ನಾನು ಕಂಡಿದ್ದೇನೆ. ಕಾರಣ ಸರಳ. ವೇಷದ ಹಿಂದೆ ನಾಚಿಕೆ ಕಡಿಮೆ, ಮತ್ತು ಎದುರಿನವರು ಅರ್ಥ (ಪಾತ್ರದ ಮಾತು) ಹೇಳಿ ನಿಲ್ಲಿಸಿದ ಕೂಡಲೇ ಉತ್ತರ ಕೊಡಲೇಬೇಕು. ಆದರೆ ಇದನ್ನು ಔಷಧಿ ಥರ ಕುಡಿಸಬೇಡಿ. ಇಷ್ಟ ಇಲ್ಲ ಅಂದರೆ ಬಿಟ್ಟುಬಿಡಿ, ಚುರುಮುರಿ ಲೆಕ್ಕವೇ ಸಾಕು.

ಮಗ ಶಾಲಾ ನಾಯಕನ ಚುನಾವಣೆಯಲ್ಲಿ ಸೋತ. ಮೂರು ದಿನದಿಂದ ಸರಿ ಊಟ ಮಾಡುತ್ತಿಲ್ಲ. ಗೆದ್ದ ಹುಡುಗ ಚಾಕಲೇಟ್ ಹಂಚಿ ಗೆದ್ದದ್ದಂತೆ. ಹೆಡ್‌ಮಾಸ್ಟರಿಗೆ ಫೋನ್ ಮಾಡಲಾ? – ಒಬ್ಬರು ತಂದೆ, ಉಡುಪಿ

ಬೇಡ. ಚಾಕಲೇಟ್ ವಿಷಯ ನಿಜವೇ ಆಗಿದ್ದರೆ ಮಗನೇ ಹೋಗಿ ಟೀಚರ ಹತ್ತಿರ ಹೇಳಲಿ. ನೀವು ಫೋನ್ ಮಾಡಿದ ದಿನದಿಂದ ಕ್ಲಾಸಿನಲ್ಲಿ ಅವನು ‘ಅಪ್ಪನನ್ನು ಕರೆಸಿದವನು’.

ಈಗ ಶಾಲೆಗಳಲ್ಲಿ ಮೊಬೈಲಿನ ವೋಟಿಂಗ್ ಆ್ಯಪ್ ಇಟ್ಟು, ಬೆರಳಿಗೆ ಶಾಯಿ ಹಚ್ಚಿ ಅಚ್ಚುಕಟ್ಟಾಗಿ ಚುನಾವಣೆ ಮಾಡುತ್ತಾರೆ. ಅದು ಒಳ್ಳೆಯದೇ. ಆದರೆ ಆ ದಿನ ಮುಗಿದ ಮೇಲೆ ಎಸ್‌ಪಿಎಲ್ ಮಾಡುವ ಕೆಲಸ ಎಂತ ಅಂತ ವಿಚಾರಿಸಿ ನೋಡಿ. ಬಹಳ ಕಡೆ ಅಸೆಂಬ್ಲಿಯಲ್ಲಿ ‘ಸಾವಧಾನ್, ವಿಶ್ರಾಮ್’ ಹೇಳುವುದು, ಅತಿಥಿಗಳಿಗೆ ಹೂ ಕೊಡುವುದು, ಅಷ್ಟೇ. ಕೆಲವು ಶಾಲೆಗಳ ಸಂಸತ್ತಿನಲ್ಲಿ ವಿರೋಧ ಪಕ್ಷದ ನಾಯಕ ಅಂತ ಒಂದು ಸ್ಥಾನ ಇರುತ್ತದೆ. ನಿಮ್ಮಲ್ಲಿ ಇದ್ದರೆ ಮಗ ಅದನ್ನು ಕೇಳಿ ಪಡೆಯಲಿ. ಕುಡಿಯುವ ನೀರಿನ ಟ್ಯಾಂಕಿ ಯಾವಾಗ ತೊಳೆದದ್ದು ಅಂತ ಆರೋಗ್ಯ ಮಂತ್ರಿಯನ್ನು ಎಲ್ಲರ ಎದುರು ಕೇಳುವ ಹುಡುಗನಿಗೆ ಬ್ಯಾಡ್ಜ್ ಹಾಕಿದವನಿಗಿಂತ ಜಾಸ್ತಿ ಕೆಲಸ ಉಂಟು. ಊಟದ ಚಿಂತೆ ಬೇಡ, ಹಸಿವಾದರೆ ಮಾಡುತ್ತಾನೆ.

ಫಸ್ಟ್ ಪಿಯು ಸೈನ್ಸ್. ಎನ್‌ಸಿಸಿ (ಸೇನೆಯ ಥರದ ತರಬೇತಿ) ಅಥವಾ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಸೇರಲು ಆಸೆ. ಅಪ್ಪ ‘ಮಾರ್ಕ್ ಹೋಗ್ತದೆ’ ಅಂತಾರೆ. – ವಿದ್ಯಾರ್ಥಿ, ಕುಂದಾಪುರ

ನಿನ್ನ ಅಪ್ಪನನ್ನು ಪೂರ್ತಿ ತಪ್ಪು ಅನ್ನಲಾರೆ. ಪಿಯು ಫಲಿತಾಂಶದಲ್ಲಿ 2024ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಇಂಥ ಊರಿನಲ್ಲಿ ಮಗ ಪರೇಡ್‌ಗೆ ಹೋಗುತ್ತೇನೆ ಅಂದರೆ ಮನೆಯವರಿಗೆ ಎದೆ ಡವಡವ ಅನ್ನುವುದು ಸಹಜ.

ಹಾಗಾಗಿ ಆಸೆಯ ಮಾತು ಬಿಟ್ಟು ಲೆಕ್ಕ ಇಡು. ಎನ್‌ಎಸ್‌ಎಸ್‌ಗೆ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ವಾರಕ್ಕೆ ಹಾಕಿದರೆ ಎರಡೂವರೆ ಗಂಟೆಯೊಳಗೆ. ಜೊತೆಗೆ ಏಳು ದಿನದ ವಿಶೇಷ ಶಿಬಿರ. ಆ ಏಳು ದಿನ ಸಿಇಟಿ ಕೋಚಿಂಗ್‌ಗೆ ಅಡ್ಡ ಬರುತ್ತದಾ ಅಂತ ಈಗಲೇ ವಿಚಾರಿಸು, ಆಮೇಲೆ ಜಗಳ ಬೇಡ. ಎನ್‌ಸಿಸಿಯಲ್ಲಿ ಪರೇಡ್ ಹಾಜರಾತಿ ಕಟ್ಟುನಿಟ್ಟು, ಕ್ಯಾಂಪೂ ಉಂಟು. ಪಿಯು ಎರಡು ವರ್ಷದಲ್ಲಿ ‘ಬಿ’ ಸರ್ಟಿಫಿಕೇಟಿನವರೆಗೆ ಹೋಗಬಹುದು, ‘ಸಿ’ ಬೇಕಾದರೆ ಡಿಗ್ರಿಯಲ್ಲಿ ಮುಂದುವರಿಸಬೇಕು. ಸೇನೆಗೆ ಆಫೀಸರ್ ಆಗಿ ಹೋಗುವ ಮನಸ್ಸಿದ್ದರೆ ಅದಕ್ಕೆ ಬೆಲೆ ಜಾಸ್ತಿ. ‘ಸಿ’ ಇದ್ದವರಿಗೆ ವಿಶೇಷ ಪ್ರವೇಶದಲ್ಲಿ ಲಿಖಿತ ಪರೀಕ್ಷೆ ಇಲ್ಲದೆ ನೇರ ಎಸ್‌ಎಸ್‌ಬಿ (ಸೇನೆಯ ಆಫೀಸರ್‌ಗಳನ್ನು ಆರಿಸುವ ಮಂಡಳಿ) ಸಂದರ್ಶನಕ್ಕೆ ಅವಕಾಶ ಉಂಟು. ಸಿಇಟಿಯಲ್ಲಿ ಎನ್‌ಸಿಸಿ, ಕ್ರೀಡೆ, ಸ್ಕೌಟ್ಸ್ ಗೈಡ್ಸ್‌ಗೆ ವಿಶೇಷ ಪ್ರವರ್ಗ ಇರುವುದೂ ನಿಜ. ಆದರೆ ಸೀಟು ಬಹಳ ಕಡಿಮೆ, ಅದನ್ನು ನಂಬಿಕೊಂಡು ಸೇರಬೇಡ.

ಎರಡೂ ಒಟ್ಟಿಗೆ ಬೇಡ. ಆಜ್ಞೆ ಪಾಲಿಸುವುದು, ಆಜ್ಞೆ ಕೊಡುವುದು ಎರಡೂ ಕಲಿಯಬೇಕಾದರೆ ಎನ್‌ಸಿಸಿ. ನಿನ್ನ ಮಾತು ಕೇಳಲೇಬೇಕು ಅಂತ ಇಲ್ಲದ ಹಳ್ಳಿಯವರನ್ನು ಒಪ್ಪಿಸಿ ಒಂದು ಚರಂಡಿ ತೋಡಿಸುವುದು ಕಲಿಯಬೇಕಾದರೆ ಎನ್‌ಎಸ್‌ಎಸ್. ನನ್ನ ಓಟು ಎರಡನೆಯದಕ್ಕೆ. ಅಪ್ಪನಿಗೆ ಒಂದು ಮಾತು ಕೊಡು. ಮೊದಲ ಟೆಸ್ಟಿನ ಮಾರ್ಕ್ ನೋಡಿ ಆಮೇಲೆ ತೀರ್ಮಾನ ಮಾಡುವ ಅಂತ. ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು, ಅದೂ ಗೊತ್ತಿರಲಿ.

ಕಾಲೇಜಿನ ಇಕೋ ಕ್ಲಬ್ ಅಧ್ಯಕ್ಷೆ ನಾನು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಅರವತ್ತು ಜನ. ಮೆಸೇಜ್ ಹಾಕಿದರೆ ಎಲ್ಲರೂ ಹೆಬ್ಬೆರಳು ಒತ್ತುತ್ತಾರೆ, ಕೆಲಸದ ದಿನ ಬರುವುದು ಏಳೆಂಟು ಮಂದಿ. ಜುಲೈಯಲ್ಲಿ ತಣ್ಣೀರುಬಾವಿ ಬೀಚ್ ಸ್ವಚ್ಛತೆ ಇಟ್ಟಿದ್ದೇವೆ. ಕೊನೆಗೆ ಎಲ್ಲ ನನ್ನ ತಲೆಗೇ. – ವಿದ್ಯಾರ್ಥಿನಿ, ಮಂಗಳೂರು

ಮೊದಲು ಜುಲೈ ಬಿಡು. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ಜೂನ್-ಜುಲೈ ಎರಡು ತಿಂಗಳು ನಿಷೇಧ, ಕಡಲೂ ಜೋರು. ಅದರ ಮೇಲೆ ಡಿಸಿ ಮಳೆ ರಜೆ ಕೊಟ್ಟರೆ ನಿನ್ನ ಕಾರ್ಯಕ್ರಮವೂ ರಜೆ. ಸೆಪ್ಟೆಂಬರ್ ಮೂರನೇ ಶನಿವಾರ ಅಂತಾರಾಷ್ಟ್ರೀಯ ಕಡಲತೀರ ಸ್ವಚ್ಛತಾ ದಿನ. ಅದಕ್ಕೆ ಇಟ್ಟುಕೋ. ತಯಾರಿಗೂ ಹೊತ್ತು ಸಿಗುತ್ತದೆ.

ಇನ್ನು ಜನರ ವಿಷಯ. ‘ಎಲ್ಲರೂ ಬನ್ನಿ’ ಅಂತ ಹಾಕಿದ ಮೆಸೇಜನ್ನು ಯಾರೂ ತನಗೆ ಹೇಳಿದ್ದು ಅಂತ ಓದುವುದಿಲ್ಲ. ಹೆಬ್ಬೆರಳು ಒತ್ತಿದರೆ ‘ನೋಡಿದೆ’ ಅಂತ ಅರ್ಥ, ‘ಬರುತ್ತೇನೆ’ ಅಂತ ಅಲ್ಲ. ಅರವತ್ತು ಜನರನ್ನು ಬಿಡು, ಹತ್ತು ಜನರ ಹತ್ತಿರ ಎದುರು ಕೂತು ಮಾತಾಡು. ಒಬ್ಬೊಬ್ಬರಿಗೂ ಒಂದು ಪೂರ್ತಿ ಕೆಲಸ ಕೊಡು, ತುಂಡು ಕೆಲಸ ಬೇಡ. ‘ಕಸದ ಗಾಡಿ ವಿಷಯದಲ್ಲಿ ನನಗೆ ಸ್ವಲ್ಪ ಹೆಲ್ಪ್ ಮಾಡು’ ಅಂದರೆ ಅವನು ನೀನು ಫೋನ್ ಮಾಡುವುದನ್ನು ಕಾಯುತ್ತಾನೆ. ‘ಗಾಡಿ ನಿನ್ನದು. ಪಾಲಿಕೆಯಲ್ಲಿ ಯಾರ ಹತ್ತಿರ ಮಾತಾಡಬೇಕು ಅಂತ ನೀನೇ ಹುಡುಕು, ಬುಧವಾರ ಸಂಜೆಯೊಳಗೆ ಹೇಳು’ ಅಂದರೆ ಅದು ಅವನ ತಲೆಗೆ ಹೋಗುತ್ತದೆ.

ಬೀಚ್ ಸ್ವಚ್ಛತೆಯಲ್ಲಿ ನಾನು ಜಾಸ್ತಿ ಕಂಡ ಎಡವಟ್ಟು ಈ ಗಾಡಿಯದ್ದೇ. ಬೆಳಿಗ್ಗೆ ಎಲ್ಲರೂ ಹುಮ್ಮಸ್ಸಿನಲ್ಲಿ ಹೆಕ್ಕುತ್ತಾರೆ, ಅತಿಥಿಗಳು ಹಿಡಿಸೂಡಿ ಹಿಡಿದು ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಹತ್ತು ಗಂಟೆಗೆ ಬಿಸಿಲು ಏರುತ್ತದೆ, ಆಗ ನೋಡಿದರೆ ಮೂವತ್ತು ಗೋಣಿ ಕಸ ಮರಳಿನ ಮೇಲೆ ಸಾಲಾಗಿ ಕೂತಿರುತ್ತದೆ, ಒಯ್ಯಲು ಯಾರೂ ಇಲ್ಲ. ಮರುದಿನ ನಾಯಿ ಎಳೆದಾಡಿ ಎಲ್ಲ ವಾಪಸ್ ಕಡಲಿಗೆ. ಇನ್ನೊಂದು, ಹರಿದ ಬಲೆ. ಮೇಲೆ ಒಂದು ಗೇಣು ಕಾಣುತ್ತದೆ, ಉಳಿದದ್ದು ಮರಳಿನ ಒಳಗೆ. ನಾಲ್ಕು ಮಂದಿ ಎಳೆದರೂ ಬರುವುದಿಲ್ಲ. ಕತ್ತಿ ಬೇಕು, ದಪ್ಪ ಗ್ಲೌಸ್ ಬೇಕು, ಇಳಿತದ ಹೊತ್ತು ಆದರೆ ಸುಲಭ. ಇದನ್ನು ಮೊದಲೇ ಯೋಚಿಸುವವಳು ಒಬ್ಬಳು ಬೇಕು. ಮಂಗಳೂರು ಬದಿಯ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟುವುದಾದರೆ ಮೊದಲ ದೋಣಿ ಎಷ್ಟು ಹೊತ್ತಿಗೆ ಅಂತ ಕೇಳಿ ಬರುವವನು ಇನ್ನೊಬ್ಬ.

ಕೊಟ್ಟ ಮೇಲೆ ನಡುವೆ ಕೈ ಹಾಕಬೇಡ. ಇದು ಕಷ್ಟ, ಗೊತ್ತುಂಟು. ಬುಧವಾರ ಅವನು ಏನೂ ಹೇಳಲಿಲ್ಲ ಅಂತ ನೀನೇ ಪಾಲಿಕೆಗೆ ಓಡಿದರೆ ಮುಂದಿನ ಸಲವೂ ನೀನೇ ಓಡಬೇಕು. ಕೇಳು, ನೆನಪಿಸು, ಎಲ್ಲಿ ಸಿಕ್ಕಿಕೊಂಡಿದ್ದಾನೆ ಅಂತ ನೋಡು. ಸಹಿ ಹಾಕುವವರು ಸಿಗಲಿಲ್ಲ ಅಂತ ಸುಮ್ಮನಾಗಿರುತ್ತಾನೆ, ಅಷ್ಟೇ ಆಗಿರುತ್ತದೆ. ಬೈಯುವ ಅಗತ್ಯ ಬರುವುದಿಲ್ಲ.

ಮುಗಿದ ಮೇಲೆ ಅರ್ಧ ಗಂಟೆ ಕೂತು ಎಂತ ಕೈಕೊಟ್ಟಿತು ಅಂತ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಪೇಪರಿಗೆ ಕಳಿಸುವ ಫೋಟೋದಲ್ಲಿ ಗಾಡಿ ತಂದವನನ್ನು ನಡುವೆ ನಿಲ್ಲಿಸು, ನೀನು ಅಂಚಿನಲ್ಲಿ ನಿಲ್ಲು. ಮುಂದಿನ ಕೆಲಸಕ್ಕೆ ಅವನು ಕರೆಯದೆ ಬರುತ್ತಾನೆ.

ನಮ್ಮದು ಅರವತ್ತು ಮಕ್ಕಳ ಸರಕಾರಿ ಶಾಲೆ. ಕ್ಲಬ್ ನಡೆಸಲು ದುಡ್ಡಿಲ್ಲ, ಟೀಚರೂ ಕಡಿಮೆ. – ಒಬ್ಬರು ಶಿಕ್ಷಕಿ, ಹೆಬ್ರಿ ಕಡೆಯಿಂದ

ಮೇಡಂ, ದುಡ್ಡಿರುವ ಶಾಲೆಗಳಿಗೆ ಇಲ್ಲದ್ದು ನಿಮ್ಮಲ್ಲಿ ಉಂಟು: ಮಕ್ಕಳು ನಿಜವಾಗಿ ಮಾಡಲೇಬೇಕಾದ ಕೆಲಸ. ಬಿಸಿಯೂಟದ ಬಡಿಸುವಿಕೆ, ತರಕಾರಿ ತೋಟ, ನೀರು. ಮಂತ್ರಿಮಂಡಲ ಹೇಗೂ ಇರುತ್ತದೆ. ಆಹಾರ ಮಂತ್ರಿ, ತೋಟದ ಮಂತ್ರಿ ಅಂತ ಹೆಸರು ಓದಿ ಚಪ್ಪಾಳೆ ತಟ್ಟಿ ಬಿಡಬೇಡಿ. ತಿಂಗಳಿಗೆ ಒಮ್ಮೆ ಸಭೆ ಕರೆದು ಪ್ರತಿ ಮಂತ್ರಿಯೂ ವರದಿ ಓದಲಿ. ಎರಡೇ ಸಾಲು ಸಾಕು. ಅರಿವೆ ಸೊಪ್ಪು ಎಷ್ಟು ಕಟ್ಟು ಅಡುಗೆಗೆ ಹೋಯಿತು, ಬಸಳೆ ಚಪ್ಪರ ಯಾಕೆ ಬಿತ್ತು.

ಇನ್ನೊಂದು ದೊಡ್ಡ ಅವಕಾಶ ಪಂಚಾಯತಿನ ಮಕ್ಕಳ ಗ್ರಾಮಸಭೆ. ಅಲ್ಲಿಗೆ ಮಕ್ಕಳನ್ನು ಸ್ವಾಗತ ಗೀತೆ ಹಾಡಲು ಮಾತ್ರ ಕರೆದುಕೊಂಡು ಹೋಗಬೇಡಿ. ನಿಮ್ಮ ಕಡೆ ಮಳೆಗಾಲದಲ್ಲಿ ಕಾಲುಸಂಕ (ತೋಡಿನ ಮೇಲಿನ ಸಣ್ಣ ಕಾಲುಸೇತುವೆ) ದಾಟಿ ಬರುವ ಮಕ್ಕಳು ಇರುತ್ತಾರೆ. ಆ ಸಂಕದ ಉದ್ದ ಎಷ್ಟು, ದಿನಾ ಎಷ್ಟು ಮಕ್ಕಳು ದಾಟುತ್ತಾರೆ, ಕೈಹಿಡಿ ಯಾವ ಬದಿಯಲ್ಲಿ ಮುರಿದಿದೆ, ಅವರೇ ಅಳೆದು ಬರೆಯಲಿ. ಅಳೆಯುವ ದಿನ ಮಳೆ ಇರಬಾರದು, ಜೊತೆಗೆ ದೊಡ್ಡವರು ಇರಬೇಕು. ಪಿಡಿಒಗೆ (ಪಂಚಾಯತಿನ ಅಭಿವೃದ್ಧಿ ಅಧಿಕಾರಿ) ಅರ್ಜಿ ಮಕ್ಕಳ ಕೈಬರಹದಲ್ಲೇ ಹೋಗಲಿ, ಎರಡು ಪ್ರತಿ. ಒಂದರ ಮೇಲೆ ಸ್ವೀಕೃತಿ ಮುದ್ರೆ, ತಾರೀಕು ಹಾಕಿಸಿಕೊಂಡು ಬರಲಿ. ಮುಂದಿನ ಸಭೆಯಲ್ಲಿ ಆ ಪ್ರತಿ ಹಿಡಿದು ‘ಇದು ಏನಾಯಿತು?’ ಅಂತ ಕೇಳುವುದು ಆರನೇ ಕ್ಲಾಸಿನ ಮಗುವಿನ ಕೆಲಸ. ಏಳನೆಯವರು ಅಷ್ಟರೊಳಗೆ ಶಾಲೆ ಬಿಟ್ಟು ಹೈಸ್ಕೂಲಿಗೆ ಹೋಗಿರಬಹುದು, ಹಾಗಾಗಿ ಸಹಿ ಹಾಕಿಸುವಾಗಲೇ ಇಬ್ಬರು ಸಣ್ಣ ಕ್ಲಾಸಿನವರನ್ನೂ ಸೇರಿಸಿಕೊಳ್ಳಿ.