ಒಬ್ಬರೇ ಒಂದು ವರ್ಷ ತಿರುಗುವುದು ಹೊಣೆಗೇಡಿತನವೇ?

ಕೆಲಸ ಬಿಟ್ಟು ಒಂದು ವರ್ಷ ಒಬ್ಬರೇ ತಿರುಗಬೇಕು ಅಂದರೆ ಮನೆಯವರು ಹೊಣೆಗೇಡಿತನ ಅನ್ನುತ್ತಾರೆ, ಎಲ್ಲ ಕಡೆಯೂ ಹೀಗೇನಾ ಎಂದು ಕೇಳಿದ್ದೀರಿ. ಖಂಡಿತ ಇಲ್ಲ.

ಜರ್ಮನಿಯನ್ನೇ ನೋಡಿ. ಬಡಗಿ ಕೆಲಸದಂಥ ಕಸುಬು ಕಲಿತ ಯುವಕ ಯುವತಿಯರಲ್ಲಿ ಕೆಲವರು ಇಂದಿಗೂ ಮೂರು ವರ್ಷ ಒಂದು ದಿನ ಊರೂರು ಅಲೆಯುತ್ತಾರೆ. ಸಿಕ್ಕ ಕಡೆ ದುಡಿಯುತ್ತಾರೆ. ಅಷ್ಟು ಕಾಲ ಹುಟ್ಟೂರಿನಿಂದ 50 ಕಿಲೋಮೀಟರ್ ಒಳಗೆ ಕಾಲಿಡುವಂತಿಲ್ಲ. ಹೊರಡುವಾಗ ಮದುವೆ ಆಗಿರಬಾರದು, ಸಾಲವೂ ಇರಬಾರದು. ಅಲ್ಲಿ ಅಲೆದಾಟವೂ ಕಲಿಕೆಯೇ, ಎಷ್ಟು ಚೆನ್ನಾಗಿದೆ ಅಲ್ವಾ? ಇಸ್ರೇಲಿನಲ್ಲಿ ಕಡ್ಡಾಯ ಸೇನಾ ಸೇವೆ ಮುಗಿಸಿದವರು ತಿಂಗಳುಗಟ್ಟಲೆ ದೇಶ ಸುತ್ತುವುದು ಮಾಮೂಲು. ಆಸ್ಟ್ರೇಲಿಯಾ 1975ರಿಂದಲೇ ಯುವಜನರಿಗೆ ದುಡಿಯುತ್ತಾ ತಿರುಗುವ ವೀಸಾ ಕೊಡುತ್ತಿದೆ.

ನನಗನ್ನಿಸುವಂತೆ, ಅಲ್ಲೆಲ್ಲ ಹೋಗುವುದಕ್ಕೆ ಇಂಥ ಹೊತ್ತು ಅಂತ ಇದೆ. ಮರಳಿ ಬಂದವರಿಗೆ ಜಾಗವೂ ಇದೆ. ಮಕ್ಕಳ ದುಡಿಮೆಯಿಂದಲೇ ಮನೆ ನಡೆಯುವಲ್ಲಿ, ಇಷ್ಟರೊಳಗೆ ಮದುವೆ ಆಗಲೇಬೇಕು ಅನ್ನುವಲ್ಲಿ, ಆ ಒಂದು ವರ್ಷ ಹಿರಿಯರಿಗೆ ನಷ್ಟವಾಗಿಯೇ ಕಾಣುತ್ತದೆ. ಹೆಣ್ಣುಮಕ್ಕಳಿಗಂತೂ ತಡೆ ಇನ್ನೂ ಜಾಸ್ತಿ. ಅದು ಅನ್ಯಾಯ.

ಆದರೂ ಮನೆಯವರ ಭಯವನ್ನು ಸುಮ್ನೆ ಹಳೇ ಕಾಲದ್ದು ಅಂತ ತಳ್ಳಿಹಾಕಬೇಡಿ. ಅವರಿಗೆ ಬೇಕಿರುವುದು ವಾದ ಅಲ್ಲ, ವಿವರ. ಎಷ್ಟು ಹಣ ಕೂಡಿಟ್ಟಿದ್ದೀರಿ, ವಿಮೆ ಮಾಡಿಸಿದ್ದೀರಾ, ಎಷ್ಟು ದಿನಕ್ಕೊಮ್ಮೆ ಫೋನ್ ಮಾಡುತ್ತೀರಿ, ಬಂದಮೇಲೆ ಕೆಲಸಕ್ಕೆ ಏನು ದಾರಿ ಎಂದು ಬರೆದು ಅವರ ಮುಂದಿಡಿ. ಈಗಿನ ಕಂಪನಿಯಲ್ಲಿ ಸಂಬಳವಿಲ್ಲದ ದೀರ್ಘ ರಜೆ ಸಿಗುತ್ತದಾ ಅಂತಲೂ ಕೇಳಿ, ರಾಜೀನಾಮೆ ಆಮೇಲೆ. ಮೊದಲು ಒಂದು ತಿಂಗಳು ಹೋಗಿಬಂದರೂ ಅವರಿಗೆ ಧೈರ್ಯ ಬರುತ್ತದೆ.